ನೀಸ್ ಕಡಲಿಗೆ ಇಳಿಯುವ ಮುನ್ನ

ಕೇಳುಗರಿಗೆ ನಮಸ್ಕಾರ.

ಜುಲೈ ತಿಂಗಳಲ್ಲಿ ನಮ್ಮ ಕರಾವಳಿಯವರು ಕಡಲಿಗಿಳಿಯುವ ಮಾತನ್ನೇ ಆಡುವುದಿಲ್ಲ. ಮಳೆಗಾಲದ ಅಲೆಗಳ ಮೊರೆತವೇ ಸಾಕಷ್ಟು ಎಚ್ಚರಿಕೆ. ಅದೇ ಜುಲೈನಲ್ಲಿ ಫ್ರಾನ್ಸಿನ ದಕ್ಷಿಣ ತೀರದ ನೀಸ್ ನಗರದಲ್ಲಿ ಮೆಡಿಟರೇನಿಯನ್ ಸಮುದ್ರವು ಹೆಚ್ಚಿನ ದಿನಗಳಲ್ಲಿ ಕೆರೆಯಂತೆ ಮಲಗಿರುತ್ತದೆ. ಉಬ್ಬರವಿಳಿತದ ಅಂತರ ಗೇಣುದ್ದದ ಆಸುಪಾಸು, ಅಷ್ಟೇ. ಅಬ್ಬರಿಸುವ ಕಡಲಿಗೆ ಅಂಜುವುದನ್ನು ಕಲಿತ ನಮಗೆ ಸುಮ್ಮನಿರುವ ಕಡಲಿಗೆ ಅಂಜುವುದು ಗೊತ್ತಿರುವುದಿಲ್ಲ ಎಂಬುದೇ ನನ್ನ ಇಂದಿನ ಮಾತಿಗೆ ಕಾರಣ.

ನೀಸ್‌ನ ದಡದಲ್ಲಿ ಮರಳಿಲ್ಲ. ಹೊಳೆಗಳು ಆಲ್ಪ್ಸ್ ಪರ್ವತದ ಕಡೆಯಿಂದ ಉರುಳಿಸಿ ತಂದ ಬೂದುಬಣ್ಣದ ನುಣುಪು ಕಲ್ಲುಗಳಿವೆ. ದಡ ಕಡಿದಾಗಿ ಇಳಿಯುವುದರಿಂದ ಕೆಲವೇ ಹೆಜ್ಜೆಗಳಲ್ಲಿ ನೆಲ ಕಾಲಿಗೆ ಎಟುಕದಂತಾಗುತ್ತದೆ. ಅಲ್ಲಿಂದ ಕೆಲವೇ ಕಿಲೋಮೀಟರುಗಳಲ್ಲಿ ಕಡಲಿನ ಆಳ ಸಾವಿರ ಮೀಟರನ್ನು ದಾಟುತ್ತದೆ. ಹೊರಗಿನಿಂದ ತೆರೆ ಬಂದ ದಿನ ಅದು ದೂರದಲ್ಲಿ ಒಡೆಯದೆ ನೇರವಾಗಿ ದಡದಂಚಿಗೇ ಬಂದು ಬೀಳುತ್ತದೆ, ಕಾಲ ಕೆಳಗಿನ ಕಲ್ಲುಗಳು ಜಾರುತ್ತವೆ, ಹಾಗಾಗಿ ನೀರಿಗೆ ಇಳಿಯುವುದಕ್ಕಿಂತ ಮೇಲೇರಿ ಬರುವುದೇ ಕಷ್ಟವಾಗುತ್ತದೆ. ರಬ್ಬರ್ ಅಡಿಯ ಪಾದರಕ್ಷೆಯಿಲ್ಲದೆ ಅಲ್ಲಿಗೆ ಹೋಗಬೇಡಿ. ಮಕ್ಕಳ ಕೈಯನ್ನು ನೀರಿನಂಚಿನಲ್ಲೂ ಬಿಡಬೇಡಿ.

ಜಲಕ್ರೀಡೆಗಳಿಗೆ ಅಲ್ಲಿ ಕೊರತೆಯಿಲ್ಲ. ದೋಣಿ ಎಳೆಯುವ ಪ್ಯಾರಾಚೂಟ್, ಜೆಟ್ ಸ್ಕೀ, ಕಯಾಕ್, ನಿಂತು ಹುಟ್ಟುಹಾಕುವ ಪ್ಯಾಡಲ್ ಹಲಗೆ ಎಲ್ಲವೂ ಉಂಟು. ದಡದಿಂದ 300 ಮೀಟರಿನವರೆಗಿನ ಪಟ್ಟಿಯಲ್ಲಿ ಯಾವ ಯಂತ್ರದೋಣಿಯೂ ಗಂಟೆಗೆ 5 ನಾಟಿಕಲ್ ಮೈಲಿಗಿಂತ, ಅಂದರೆ ಸುಮಾರು 9 ಕಿಲೋಮೀಟರಿಗಿಂತ, ವೇಗವಾಗಿ ಸಾಗುವಂತಿಲ್ಲ. ಆ ಎಲ್ಲೆಯನ್ನು ಹಳದಿ ತೇಲುಬುರುಡೆಗಳು ತೋರಿಸುತ್ತವೆ. ದೋಣಿಗಳು ಬಂದುಹೋಗುವ ಓಣಿಗಳಿಗೂ ಅಂಥವೇ ಗುರುತುಗಳಿದ್ದು, ಅವುಗಳನ್ನು ಈಜುಗಾರರು ಅಡ್ಡಹಾಯುವುದು ಹೆದ್ದಾರಿಯಲ್ಲಿ ಆಟವಾಡಿದಂತೆ. ಮೂರೂವರೆ ಮೀಟರಿಗಿಂತ ಗಿಡ್ಡವಾದ ಪ್ಯಾಡಲ್ ಹಲಗೆಗಳೂ ಈ 300 ಮೀಟರ್ ದಾಟುವಂತಿಲ್ಲ. ಇದನ್ನು ಬರಿಯ ಕಾನೂನೆಂದು ತಿಳಿಯಬಾರದು. ನೆಲದ ಕಡೆಯಿಂದ ಗಾಳಿ ಬೀಸಿದಾಗ ದಡದ ನೀರು ಇನ್ನಷ್ಟು ಸಮತಟ್ಟಾಗಿ ಕಾಣುತ್ತದೆ, ಅದೇ ಗಾಳಿ ಹಗುರವಾದ ಹಲಗೆಯನ್ನೂ ಗಾಳಿ ತುಂಬಿದ ಆಟಿಕೆಯನ್ನೂ ಸದ್ದಿಲ್ಲದೆ ಹೊರಗೊಯ್ಯುತ್ತದೆ. ಹಾಗೆ ತೇಲಿಹೋದವರು ಹಲಗೆಯನ್ನು ಬಿಟ್ಟು ಈಜಲು ಹೊರಡದೆ ಅದನ್ನೇ ಹಿಡಿದುಕೊಂಡು ಕೈಬೀಸಬೇಕು. ದಡದಲ್ಲಿರುವವರು 196 ಸಂಖ್ಯೆಗೆ ಕರೆಮಾಡಬೇಕು. ಫ್ರಾನ್ಸಿನಲ್ಲಿ ಅದು ಸಮುದ್ರದ ಅಪಾಯಗಳಿಗೆಂದೇ ಮೀಸಲಾದ ಸಂಖ್ಯೆ.

ಕೆಲವು ದಿನ ನೇರಳೆ ಛಾಯೆಯ ಜೆಲ್ಲಿಫಿಶ್‌ಗಳೂ ದಡಕ್ಕೆ ಬರುತ್ತವೆ. ಚುಚ್ಚಿದ ಜಾಗವನ್ನು ಉಜ್ಜದೆ, ಸಿಹಿನೀರು ಹಾಕದೆ, ಕಡಲ ನೀರಿನಿಂದಲೇ ತೊಳೆಯಬೇಕು.

ನಮ್ಮ ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು ಕಡಲತೀರಗಳಿಗೆ 2020ರಲ್ಲಿ ದೊರೆತ ನೀಲಿ ಧ್ವಜದ ಮಾನ್ಯತೆ 1985ರಲ್ಲಿ ಮೊದಲಾದದ್ದು ಫ್ರಾನ್ಸಿನಲ್ಲೇ. ಅದು ನೀರಿನ ಶುದ್ಧಿ ಮತ್ತು ದಡದ ವ್ಯವಸ್ಥೆಯ ಮಾತಾಯಿತು. ಆ ಹೊತ್ತಿನ ಕಡಲಿನ ಸ್ಥಿತಿಯನ್ನು ಹೇಳುವುದು ಜೀವರಕ್ಷಕರು ಏರಿಸುವ ಬಾವುಟ. ಹಸಿರಿದ್ದರೆ ಈಜಬಹುದು, ಹಳದಿಯಿದ್ದರೆ ಜಾಗ್ರತೆ, ಕೆಂಪಿದ್ದರೆ ನಿಷೇಧ. ಸಂಜೆ ಜೀವರಕ್ಷಕರು ಬಾವುಟವನ್ನು ಇಳಿಸಿ ಮನೆಗೆ ಹೋಗುತ್ತಾರೆ. ಬೇಸಿಗೆಯಲ್ಲಿ ಅಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುವುದರಿಂದ ಜನ ಇನ್ನೂ ನೀರಿನಲ್ಲೇ ಇರುತ್ತಾರೆ. ಆ ಹೊತ್ತಿಗೆ ನಾನು ಬೆಚ್ಚಗಿನ ಕಲ್ಲುಗಳ ಮೇಲೆ ಕುಳಿತು, ನೀರಿಗೆ ಕಾಲು ಮಾತ್ರ ಚಾಚುತ್ತಿದ್ದೆ.

ನಮಸ್ಕಾರ.