ಬೇಸ್ ಗಿಟಾರನ್ನು ಒಂಟಿಯಾಗಿ ಕೇಳಬೇಡಿ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಬೇಸ್ ಗಿಟಾರ್ ರೆಕಾರ್ಡ್ ಮಾಡುವ ಬಗ್ಗೆ ಬೇಸ್ ಕೈಯಲ್ಲಿ ಹಿಡಿದುಕೊಂಡೇ ಮಾತಾಡುತ್ತೇನೆ, ನಡುನಡುವೆ ನುಡಿಸಿ ತೋರಿಸಬೇಕಾಗುತ್ತದೆ.

ಮೊದಲು ನನ್ನದೇ ಪೆದ್ದುತನ ಒಂದು. ಮನೆಯಲ್ಲಿ ರೆಕಾರ್ಡಿಂಗ್ ಶುರು ಮಾಡಿದ ಹೊಸದು. ಒಂದು ಹಾಡಿನಲ್ಲಿ ದಪ್ಪ ತಂತಿಯ ಐದನೇ ಫ್ರೆಟ್ಟಿನ (ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿ) ಎ ಸ್ವರ ಬಂದಾಗಲೆಲ್ಲ ಬೇಸ್ ಮಾಯವಾಗುತ್ತಿತ್ತು. ಆಚೀಚೆಯ ಸ್ವರಗಳು ಚೆನ್ನಾಗೇ ಇದ್ದವು. ಇದೊಂದು ಮಾತ್ರ ಉಪವಾಸ ಕೂತ ಹಾಗೆ. ಸರಿ, ಸದ್ದಿನ ಒಂದೊಂದು ಭಾಗವನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವ ಈಕ್ಯೂ ತೆರೆದು, ಆ ಸ್ವರ ಇರುವ 55 ಹರ್ಟ್ಜ್ ಹತ್ತಿರ ಏರಿಸಿದೆ. ಸಾಲಲಿಲ್ಲ. ಇನ್ನಷ್ಟು ಏರಿಸಿದೆ. ರಾತ್ರಿ ಎರಡು ಗಂಟೆಗೆ ಖುಷಿಯಾಗಿ ಮಲಗಿದೆ. ಮರುದಿನ ಗೆಳೆಯನ ಕಾರಿನಲ್ಲಿ ಅದನ್ನೇ ಹಾಕಿದರೆ, ಆ ಸ್ವರ ಬಂದಾಗಲೆಲ್ಲ ಬಾಗಿಲು ಗಡಗಡ ನಡುಗುತ್ತಿತ್ತು. ಗೆಳೆಯ ಏನೂ ಹೇಳಲಿಲ್ಲ, ಸುಮ್ನೆ ವಾಲ್ಯೂಮ್ ಇಳಿಸಿದ.

ಸ್ವರದಲ್ಲಿ ಏನೂ ತೊಂದರೆ ಇರಲಿಲ್ಲ. ನನ್ನ ಕುರ್ಚಿ ಇದ್ದ ಜಾಗ ಸರಿಯಿರಲಿಲ್ಲ.

ಲೆಕ್ಕ ನೋಡಿ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. 55 ಹರ್ಟ್ಜ್ ಸ್ವರದ ಒಂದು ಅಲೆ 6 ಮೀಟರಿಗಿಂತ ಸ್ವಲ್ಪ ಉದ್ದ. ನನ್ನ ಕೋಣೆ ಹತ್ತು ಅಡಿ, ಅಂದರೆ ಸುಮಾರು 3 ಮೀಟರ್, ಹೆಚ್ಚೂಕಡಿಮೆ ಆ ಅಲೆಯ ಅರ್ಧ. ಇಷ್ಟು ಹೊಂದಿಕೆಯಾದರೆ ಆ ಅಲೆ ಎದುರುಬದುರು ಗೋಡೆಗಳ ನಡುವೆ ಸಿಕ್ಕಿಹಾಕಿಕೊಳ್ಳುತ್ತದೆ. ಗೋಡೆಯ ಹತ್ತಿರ ಅಬ್ಬರ, ನಟ್ಟನಡುವೆ ಬಹುತೇಕ ಮೌನ. ನಾನು ಕೂತಿದ್ದು ನಟ್ಟನಡುವೆ.

ಇಲ್ಲೇ ನೋಡೋಣ. ಇದೇ ಎ ಸ್ವರವನ್ನು ಉದ್ದಕ್ಕೆ ಹಿಡಿಯುತ್ತೇನೆ. ಹಿಂದಿನ ಗೋಡೆಗೆ ಒರಗಿದವರೊಬ್ಬರು ನಿಧಾನಕ್ಕೆ ಮುಂದೆ ನಡೆದು ಬನ್ನಿ... ಹಾಂ, ಮುಖ ನೋಡಿದರೇ ಗೊತ್ತಾಗುತ್ತದೆ. ಕೋಣೆ ದೊಡ್ಡದಾದ್ದರಿಂದ ಏರಿಳಿಯುವ ಜಾಗಗಳು ಬೇರೆ, ಆದರೆ ಆಟ ಅದೇ.

ಮನೆಯಲ್ಲೂ ಇದನ್ನೇ ಮಾಡಿ. ಒಂದೇ ತೂಕದಲ್ಲಿ, ಪ್ರತಿ ಫ್ರೆಟ್ಟಿನ ಸ್ವರವನ್ನೂ ಒಂದಾದ ಮೇಲೊಂದು ನುಡಿಸಿ ರೆಕಾರ್ಡ್ ಮಾಡಿ. ಅದನ್ನು ಲೂಪ್ ಹಾಕಿ, ಕುರ್ಚಿಯನ್ನು ಅರ್ಧ ಅರ್ಧ ಅಡಿ ಜರುಗಿಸುತ್ತಾ ಕೇಳಿ. ಯಾವ ಸ್ವರ ಎದ್ದು ಕುಣಿಯುತ್ತದೆ, ಯಾವುದು ಸಾಯುತ್ತದೆ ಅಂತ ಬರೆದಿಟ್ಟುಕೊಳ್ಳಿ. ಎಲ್ಲಿ ವ್ಯತ್ಯಾಸ ಕಡಿಮೆಯೋ ಅಲ್ಲಿ ಕೂರಿ. ಒಂದು ಒಳ್ಳೆಯ ಹೆಡ್‌ಫೋನ್ ಪಕ್ಕದಲ್ಲಿರಲಿ. ಅದರಲ್ಲಿ ಗೋಡೆಗಳ ಕಾಟ ಇಲ್ಲ. ಗೋಡೆಗೆ ತೆಳು ಫೋಮ್ ಅಂಟಿಸಿದರೆ ಆಗಲ್ವಾ ಅಂತ ಕೇಳುತ್ತಾರೆ. ಇಷ್ಟು ಉದ್ದದ ಅಲೆಗೆ ಆ ಫೋಮ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಮೂಲೆಗಳಲ್ಲಿ ದಪ್ಪಕ್ಕೆ ಹೀರುವಂಥದ್ದು ಇಟ್ಟರೆ ಸ್ವಲ್ಪ ಉಪಯೋಗ.

ಚಿಕ್ಕ ಕೋಣೆಯಲ್ಲಿ ಆಂಪ್ (ಬೇಸಿನ ಸ್ಪೀಕರ್ ಪೆಟ್ಟಿಗೆ) ಮುಂದೆ ಮೈಕ್ ಇಡಬೇಡಿ ಅಂತ ನಾನು ಹೇಳುವುದೂ ಇದೇ ಕಾರಣಕ್ಕೆ. ಮೈಕ್ ಕೂಡ ಕೋಣೆಯಲ್ಲೇ ನಿಂತಿರುತ್ತದಲ್ಲ! ಬೇಸಿನ ಕೇಬಲ್ಲನ್ನು ನೇರ ಇಂಟರ್‌ಫೇಸಿಗೆ, ಅಂದರೆ ಕಂಪ್ಯೂಟರಿಗೆ ಸದ್ದು ಕಳಿಸುವ ಪೆಟ್ಟಿಗೆಗೆ, ಹಾಕಿ. ಇದೇನೂ ಬಡವರ ದಾರಿಯಲ್ಲ. ಅರವತ್ತರ ದಶಕದಲ್ಲಿ ಅಮೆರಿಕದ ಮೋಟೌನ್ ಎಂಬ ರೆಕಾರ್ಡ್ ಕಂಪನಿಯ ಸ್ಟುಡಿಯೋದಲ್ಲಿ ಬೇಸ್ ವಾದಕ ಜೇಮ್ಸ್ ಜೇಮರ್‌ಸನ್ ನುಡಿಸಿದ ಬೇಸ್ ಬಹುಪಾಲು ಹೀಗೇ ನೇರವಾಗಿ ರೆಕಾರ್ಡ್ ಆಗಿದ್ದು. ಇಂಟರ್‌ಫೇಸಿನಲ್ಲಿ ಇನ್‌ಸ್ಟ್ರುಮೆಂಟ್ ಬಟನ್ ಒತ್ತಲು ಮಾತ್ರ ಮರೆಯಬೇಡಿ. ಬ್ಯಾಟರಿ ಇಲ್ಲದ ಬೇಸಿನ ಪಿಕಪ್‌ಗೆ (ತಂತಿಯ ಕಂಪನ ಹಿಡಿಯುವ ಭಾಗ) ಸುಮಾರು 1 ಮೆಗಾಓಮ್ ಇನ್‌ಪುಟ್ ಬೇಕು. ಲೈನ್ ಇನ್‌ಪುಟ್ಟಿಗೆ ಹಾಕಿದರೆ ಮೇಲಿನ ಹೊಳಪೆಲ್ಲ ಹೋಗಿ, ಕಂಬಳಿ ಹೊದ್ದು ಹಾಡಿದ ಹಾಗೆ ಕೇಳಿಸುತ್ತದೆ. ನಿಮ್ಮ ಅತಿ ಜೋರು ಏಟು ರೆಕಾರ್ಡಿಂಗ್ ಮೀಟರಿನಲ್ಲಿ ಮೈನಸ್ 10 ಡೆಸಿಬೆಲ್ ಆಸುಪಾಸಿನಲ್ಲಿರಲಿ. 24 ಬಿಟ್ ರೆಕಾರ್ಡಿಂಗಿನಲ್ಲಿ ಅಷ್ಟು ಧಾರಾಳ ಸಾಕು.

ಆಂಪನ್ನೂ ಸೇರಿಸಲೇಬೇಕು ಅನ್ನುವವರು ಒಂದು ನೆನಪಿಡಿ. ಮೈಕ್ 34 ಸೆಂಟಿಮೀಟರ್ ದೂರವಿದ್ದರೆ ಆ ಟ್ರ್ಯಾಕ್ 1 ಮಿಲಿಸೆಕೆಂಡ್ ತಡ. ನೇರ ಟ್ರ್ಯಾಕು, ಮೈಕ್ ಟ್ರ್ಯಾಕು ಎರಡನ್ನೂ ಜೂಮ್ ಮಾಡಿ ಸಾಲಾಗಿ ಜೋಡಿಸಿ. ಇಲ್ಲದಿದ್ದರೆ ಒಂದು ಇನ್ನೊಂದನ್ನು ತಿಂದುಹಾಕುತ್ತದೆ.

ಈಗ ಕೈಗೆ ಬರೋಣ. ಅದೇ ತಂತಿ, ಅದೇ ಸ್ವರ. ನೆಕ್ ಹತ್ತಿರ ಮೀಟುತ್ತೇನೆ: ಗುಂಡಗೆ, ಮೆತ್ತಗೆ. ಮೂರು ಇಂಚು ಬ್ರಿಜ್ ಕಡೆ, ಅಂದರೆ ತಂತಿ ಕಟ್ಟಿದ ತುದಿಯ ಕಡೆ, ಸರಿಯುತ್ತೇನೆ: ಬಿಗಿ, ಗಂಟಲು ಸರಿಮಾಡಿಕೊಂಡ ಹಾಗೆ. ಎಷ್ಟು ಈಕ್ಯೂ ಬೇಕಿತ್ತು ಈ ವ್ಯತ್ಯಾಸಕ್ಕೆ! ಈಗ ಬ್ರಿಜ್ ಬುಡದಲ್ಲಿ, ತಂತಿಗಳ ಅಡಿಗೆ ಒಂದು ಸ್ಪಂಜಿನ ತುಂಡು ತುರುಕುತ್ತೇನೆ. ಸ್ವರ ‘ಡುಂಮ್ಮ್ಮ್’ ಅಂತ ಎಳೆಯುತ್ತಿದ್ದದ್ದು ‘ದುಪ್’ ಅಂತ ನಿಂತಿತು. ಪಾತ್ರೆ ತೊಳೆಯುವ ಸ್ಪಂಜು ಇದು, ಅಡುಗೆಮನೆಯಿಂದ ಕದ್ದದ್ದು. ನನ್ನ ಹತ್ತಿರ ಇರುವ ಯಾವ ಸಾಫ್ಟ್‌ವೇರ್ ಪ್ಲಗಿನ್ನೂ ಇದರಷ್ಟು ಕೆಲಸ ಮಾಡಿಲ್ಲ. ಜೇಮರ್‌ಸನ್ ಬಲಗೈಯ ಒಂದೇ ತೋರುಬೆರಳಲ್ಲಿ ನುಡಿಸುತ್ತಿದ್ದರು. ಫ್ಲಾಟ್‌ವೌಂಡ್ ತಂತಿ (ಚಪ್ಪಟೆ ಪಟ್ಟಿ ಸುತ್ತಿದ ನುಣುಪು ತಂತಿ), ಅದನ್ನೂ ಬದಲಿಸುತ್ತಿದ್ದದ್ದು ಅಪರೂಪ. ನಿಮ್ಮ ಹಾಡಿಗೆ ಲೋಹದ ಕಿಣಿ ಬೇಕಿದ್ದರೆ ದುಂಡು ತಂತಿ ಸುತ್ತಿದ ಹೊಸ ರೌಂಡ್‌ವೌಂಡ್ ಹಾಕಿ. ಯಾವುದೇ ಆದರೂ 12ನೇ ಫ್ರೆಟ್ಟಿನ ಸ್ವರವನ್ನು ಟ್ಯೂನರ್‌ನಲ್ಲಿ ನೋಡಿ. ಅಲ್ಲಿ ಶ್ರುತಿ ತಪ್ಪಿದ್ದರೆ ಉಳಿದ ಸರ್ಕಸ್ ಎಲ್ಲ ದಂಡ.

ನುಡಿಸದ ತಂತಿಗಳನ್ನು ಬೆರಳಿನಿಂದ ಒತ್ತಿ ಹಿಡಿಯುವುದನ್ನು ಕಲಿಯಿರಿ. ನುಡಿಸುವಾಗ ಗೊತ್ತೇ ಆಗದ ಗುಂಯ್ ಅನ್ನುವ ಸದ್ದು, ಜೋರು-ಮೆಲುವಿನ ಅಂತರ ತಗ್ಗಿಸುವ ಕಂಪ್ರೆಸರ್ ಹಾಕಿದ ತಕ್ಷಣ ಎದುರಿಗೆ ಬಂದು ಕೂರುತ್ತದೆ.

ಇನ್ನು ಸೋಲೋ ಬಟನ್, ಉಳಿದ ಟ್ರ್ಯಾಕ್‌ಗಳ ಬಾಯಿ ಮುಚ್ಚಿಸಿ ಒಂದನ್ನೇ ಕೇಳಿಸುವಂಥದ್ದು. ನನ್ನ ಕೈಯಲ್ಲಿ ಅಧಿಕಾರ ಇದ್ದಿದ್ದರೆ ಬೇಸ್ ಟ್ರ್ಯಾಕಿನಿಂದ ಅದನ್ನು ಕಿತ್ತುಹಾಕುತ್ತಿದ್ದೆ. ಒಂಟಿಯಾಗಿ ಕೇಳಿದಾಗ ನಮಗೆ ಇಷ್ಟವಾಗುವುದು ದಪ್ಪ, ಮೃದು, ಮಖಮಲ್ಲಿನಂಥ ದನಿ. ಅದನ್ನೇ ಹಾಡಿಗೆ ಬಿಟ್ಟರೆ ಕಾಲಿನಿಂದ ಬಾರಿಸುವ ಕಿಕ್ ಡ್ರಮ್ ಕೆಳಗೆ ಹೂತುಹೋಗುತ್ತದೆ. ಒಂಟಿಯಾಗಿ ಒರಟಾಗಿ, ಸ್ವಲ್ಪ ಮೂಗಿನಲ್ಲಿ ಹಾಡಿದ ಹಾಗಿರುವ ದನಿ ಹಾಡಿನೊಳಗೆ ಸ್ಪಷ್ಟವಾಗಿ ಕೂರುತ್ತದೆ. ಆ ಮೂಗು ಇರುವುದು 700ರಿಂದ 1000 ಹರ್ಟ್ಜ್ ನಡುವೆ. ಅದನ್ನು ಕತ್ತರಿಸುವ ಮೊದಲು ಎಲ್ಲ ಟ್ರ್ಯಾಕ್‌ಗಳ ಜೊತೆ ಒಮ್ಮೆ ಕೇಳಿ. ಮಬ್ಬು ಅನ್ನಿಸಿದರೆ 200ರಿಂದ 300ರ ಕಡೆ ಕೈ ಹಾಕಿ, ತಪ್ಪು ಅಲ್ಲಿರುವುದೇ ಜಾಸ್ತಿ.

ಫೋನಿನಲ್ಲಿ ಬೇಸ್ ಕೇಳಿಸುವುದೇ ಇಲ್ಲ ಅನ್ನುವ ದೂರಿಗೂ ಇಲ್ಲೇ ಉತ್ತರ ಇದೆ. ಬೆರಳಿಡದೆ ಬಿಟ್ಟ ಇ ತಂತಿಯ (ಅದೇ ದಪ್ಪ ತಂತಿ) ಮೂಲ ಸ್ವರ 41 ಹರ್ಟ್ಜ್. ಅಷ್ಟು ಕೆಳಗಿನದನ್ನು ಫೋನಿನ ಸ್ಪೀಕರ್ ನುಡಿಸಲಾರದು. ಆದರೆ ಅದೇ ತಂತಿ 82, 124, 165 ಹೀಗೆ ಮೇಲಕ್ಕೂ ಎಳೆಗಳನ್ನು ಬಿಡುತ್ತದೆ. ಮೇಲಿನ ಒಂದಷ್ಟು ಎಳೆ ಸಿಕ್ಕರೆ ಸಾಕು, ನಡುವಿನ ಅಂತರ ನೋಡಿ ಕಿವಿ ತಾನೇ ಕೆಳಗಿನ ಸ್ವರವನ್ನು ತುಂಬಿಕೊಳ್ಳುತ್ತದೆ. ಹಾಗಾಗಿ ಫೋನಿಗೋಸ್ಕರ 41ನ್ನು ಏರಿಸಿ ಪ್ರಯೋಜನ ಇಲ್ಲ. ಬೇಸ್ ಟ್ರ್ಯಾಕಿನ ಒಂದು ನಕಲು ಮಾಡಿ. ಅದರಲ್ಲಿ 200ರ ಕೆಳಗಿನದನ್ನೆಲ್ಲ ಕತ್ತರಿಸಿ, ಉಳಿದದ್ದಕ್ಕೆ ಚೆನ್ನಾಗಿ ಡಿಸ್ಟಾರ್ಶನ್, ಅಂದರೆ ಸದ್ದನ್ನು ಒಡೆದು ಒರಟು ಮಾಡುವ ಎಫೆಕ್ಟ್, ಕೊಡಿ. ಒಂಟಿಯಾಗಿ ಕೇಳಿದರೆ ಜೇನುಹುಳ ಡಬ್ಬಿಯಲ್ಲಿ ಸಿಕ್ಕಿಬಿದ್ದ ಹಾಗಿರುತ್ತದೆ. ಅದನ್ನು ಮೂಲದ ಅಡಿಗೆ ಮೆಲ್ಲಗೆ ಸೇರಿಸಿ, ತೆಗೆದಾಗ ಮಾತ್ರ ಏನೋ ಕಮ್ಮಿಯಾಯಿತು ಅನ್ನಿಸುವಷ್ಟು.

ಕಂಪ್ರೆಸರ್ ಬಗ್ಗೆ ಚಿಕ್ಕದಾಗಿ ಮುಗಿಸುತ್ತೇನೆ. ರೇಶಿಯೋ, ಅಂದರೆ ತಗ್ಗಿಸುವ ಪ್ರಮಾಣ, 4ಕ್ಕೆ 1, ಮೀಟರ್ ನಾಲ್ಕೈದು ಡೆಸಿಬೆಲ್ ಇಳಿಯಲಿ. ಅಟ್ಯಾಕ್, ಅಂದರೆ ಅದು ಹಿಡಿತ ಬಿಗಿ ಮಾಡಲು ತೆಗೆದುಕೊಳ್ಳುವ ಸಮಯ, 30 ಮಿಲಿಸೆಕೆಂಡ್ ಹತ್ತಿರ ಬಿಟ್ಟರೆ ಬೆರಳು ತಂತಿಗೆ ತಾಗುವ ಸದ್ದು ಉಳಿಯುತ್ತದೆ. ತೀರಾ ವೇಗ ಮಾಡಿದರೆ ಅದೇ ಮೊದಲು ಸಾಯುವುದು. ಕಿಕ್ ಮತ್ತು ಬೇಸ್ ಎರಡೂ 60 ಹರ್ಟ್ಜ್‌ಗೆ ಹೊಡೆದಾಡುತ್ತಿದ್ದರೆ ಯಾರು ಕೆಳಗೆ ಕೂರಬೇಕು ಅಂತ ನೀವೇ ತೀರ್ಮಾನಿಸಿ, ಇನ್ನೊಬ್ಬರನ್ನು ಅಲ್ಲಿ ಸ್ವಲ್ಪ ತಗ್ಗಿಸಿ. ನಾನು ಸಾಮಾನ್ಯವಾಗಿ ಬೇಸ್ ಪರ. ಡ್ರಮ್ ನುಡಿಸುವವರು ಕ್ಷಮಿಸಿ.

ನಿಮ್ಮಲ್ಲಿ ಬೇಸ್ ನುಡಿಸುವವರು ಇಬ್ಬರು ಇಲ್ಲಿಗೆ ಬನ್ನಿ. ಇದೇ ಬೇಸ್, ಇದೇ ಕೇಬಲ್, ನಾನು ಒಂದು ಗುಂಡಿಯನ್ನೂ ಮುಟ್ಟುವುದಿಲ್ಲ. ಇಬ್ಬರೂ ಅದೇ ನಾಲ್ಕು ಸ್ವರ ನುಡಿಸಿ, ರೆಕಾರ್ಡ್ ಮಾಡಿ ಒಂದರ ಹಿಂದೊಂದು ಹಾಕುತ್ತೇನೆ. ಉಳಿದವರು ಕಣ್ಣು ಮುಚ್ಚಿಕೊಳ್ಳಿ. ಯಾವುದು ಯಾರದ್ದು ಅಂತ ಹೇಳಬೇಕು.