ದೋಣಿಯಲ್ಲಿ ಬಂದ ಮೂವರು

ಕೇಳುಗರೇ, ನಮಸ್ಕಾರ.

1861ರ ಮೇ 23ರ ರಾತ್ರಿ. ಅಮೆರಿಕದ ವರ್ಜೀನಿಯಾ ರಾಜ್ಯದ ಕರಾವಳಿ. ಮೂವರು ಗಂಡಸರು ಒಂದು ಪುಟ್ಟ ದೋಣಿಯನ್ನು ನೀರಿಗಿಳಿಸಿ ಹುಟ್ಟು ಹಾಕುತ್ತಾ ಹೊರಟರು. ಅವರ ಹೆಸರು ಫ್ರಾಂಕ್ ಬೇಕರ್, ಶೆಪರ್ಡ್ ಮ್ಯಾಲರಿ, ಜೇಮ್ಸ್ ಟೌನ್‌ಸೆಂಡ್. ಮೂವರೂ ಗುಲಾಮರು. ಒಕ್ಕೂಟದಿಂದ ಸಿಡಿದ ದಕ್ಷಿಣದವರು ಇವರ ಕೈಯಿಂದ ಫಿರಂಗಿ ಕಟ್ಟೆ ಕಟ್ಟಿಸುತ್ತಿದ್ದರು. ಆ ಫಿರಂಗಿಗಳ ಬಾಯಿ ಇದ್ದದ್ದು ನೀರಿನ ಆಚೆ ದಡದ ಮನ್ರೋ ಕೋಟೆಯ ಕಡೆಗೆ. ಅಲ್ಲಿ ಉತ್ತರದ ಸೈನ್ಯವಿತ್ತು. ಇಷ್ಟರಲ್ಲಿ ಧಣಿ ಇವರನ್ನು ಇನ್ನೂ ದಕ್ಷಿಣಕ್ಕೆ, ಮನೆಮಂದಿಯಿಂದ ದೂರ ಕಳಿಸುತ್ತಾನೆ ಎಂಬ ಸುದ್ದಿ ಬಂತು. ಮೂವರೂ ದೋಣಿ ಹತ್ತಿದರು. ನೇರ ಆ ಕೋಟೆಗೇ ಹೋದರು.

ಅಮೆರಿಕದ ಅಂತರ್ಯುದ್ಧ ಎಂದರೆ ನಮಗೆ ಮೊದಲು ನೆನಪಾಗುವುದು ಲಿಂಕನ್. ಅದು ತಪ್ಪಲ್ಲ. ಆದರೆ ಆ ಯುದ್ಧದ ಕತೆಯನ್ನು ಈ ದೋಣಿಯಿಂದ ಶುರು ಮಾಡಬೇಕು ಅಂತ ನನಗೆ ಅನ್ನಿಸುತ್ತದೆ.

ಹಿನ್ನೆಲೆ ಸ್ವಲ್ಪ ಹೇಳಿಬಿಡುತ್ತೇನೆ. 1860ರಲ್ಲಿ ಅಮೆರಿಕದಲ್ಲಿ ಸುಮಾರು 40 ಲಕ್ಷ ಗುಲಾಮರಿದ್ದರು. ಅವರನ್ನು ಕೊಳ್ಳಬಹುದಿತ್ತು, ಮಾರಬಹುದಿತ್ತು, ಅಡವಿಡಬಹುದಿತ್ತು. ತಾಯಿಯನ್ನು ಒಬ್ಬನಿಗೆ, ಮಗುವನ್ನು ಇನ್ನೊಬ್ಬನಿಗೆ ಮಾರಿದರೂ ಕಾನೂನು ಕೇಳುತ್ತಿರಲಿಲ್ಲ. ಆ ವರ್ಷ ನವೆಂಬರಿನಲ್ಲಿ ಅಬ್ರಹಾಂ ಲಿಂಕನ್ ಅಧ್ಯಕ್ಷರಾಗಿ ಆಯ್ಕೆಯಾದರು. ಹೊಸ ಪ್ರದೇಶಗಳಿಗೆ ಗುಲಾಮಗಿರಿ ಹರಡಬಾರದು ಎಂಬುದು ಅವರ ನಿಲುವು. ಇರುವ ಕಡೆ ಅದನ್ನು ಮುಟ್ಟುವುದಿಲ್ಲ ಎಂದೂ ಹೇಳಿದ್ದರು. ಆದರೂ ದಕ್ಷಿಣದ ರಾಜ್ಯಗಳು ಒಂದೊಂದಾಗಿ ಒಕ್ಕೂಟ ಬಿಟ್ಟವು. ಕೊನೆಗೆ ಅವು 11 ಆದವು. 1861ರ ಏಪ್ರಿಲ್ 12ರಂದು ಚಾರ್ಲ್ಸ್‌ಟನ್ ಬಂದರಿನ ಸಮ್ಟರ್ ಕೋಟೆಯ ಮೇಲೆ ದಕ್ಷಿಣದವರ ಗುಂಡು ಹಾರಿತು, ಯುದ್ಧ ಶುರುವಾಯಿತು.

ಆಗ ಉತ್ತರದವರು ಹೇಳಿದ್ದು ಒಂದೇ ಮಾತು. ಒಡೆದ ದೇಶವನ್ನು ಕೂಡಿಸಲು ಹೋರಾಡುತ್ತೇವೆ, ಗುಲಾಮಗಿರಿಯ ಮಾತು ಬೇಡ. ಹೀಗೆ ಹೇಳಲು ಕಾರಣವೂ ಇತ್ತು. ಕೆಂಟಕಿ, ಮಿಸೌರಿ, ಮೇರಿಲ್ಯಾಂಡ್, ಡೆಲಾವೇರ್, ಈ ನಾಲ್ಕು ರಾಜ್ಯಗಳಲ್ಲಿ ಗುಲಾಮಗಿರಿ ಇತ್ತು, ಆದರೂ ಅವು ಒಕ್ಕೂಟದಲ್ಲೇ ಉಳಿದಿದ್ದವು. ಅವು ಕೈತಪ್ಪಿದರೆ ಗತಿಯೇನು ಎಂಬ ಭಯ.

ಈಗ ಮತ್ತೆ ಕೋಟೆಗೆ ಬರೋಣ. ಮಾರನೇ ದಿನ ಧಣಿಯ ಕಡೆಯ ಅಧಿಕಾರಿ ಬಿಳಿ ಬಾವುಟ ಹಿಡಿದು ಬಂದ. ಓಡಿಹೋದ ಗುಲಾಮರನ್ನು ಹಿಂದಕ್ಕೆ ಕೊಡಬೇಕು ಎಂಬ 1850ರ ಕಾನೂನು ಇದೆಯಲ್ಲ, ಕೊಡಿ ಎಂದ. ಕೋಟೆಯ ಜನರಲ್ ಬೆಂಜಮಿನ್ ಬಟ್ಲರ್ ಮೂಲತಃ ವಕೀಲರು. ಗುಲಾಮರ ಪರ ಹೋರಾಡಿದವರೇನಲ್ಲ. ಆದರೆ ವಕೀಲರ ತಲೆ ಓಡಿತು. ಆ ಮೂವರು ದೋಣಿ ಹತ್ತಿದ ದಿನವೇ ವರ್ಜೀನಿಯಾದ ಮತದಾರರು ಒಕ್ಕೂಟ ಬಿಡಲು ಮತ ಹಾಕಿದ್ದರು. ನೀವೇ ಪರದೇಶ ಅಂದಮೇಲೆ ನಮ್ಮ ಕಾನೂನು ನಿಮಗೆ ಹೇಗೆ ಸಿಗುತ್ತದೆ ಎಂದು ಬಟ್ಲರ್ ಕೇಳಿದರು. ಇವರು ನಿಮ್ಮ ಆಸ್ತಿ ಎನ್ನುತ್ತೀರಿ, ಆ ಆಸ್ತಿಯಿಂದ ನಮ್ಮ ಮೇಲೆ ಯುದ್ಧ ಮಾಡುತ್ತಿದ್ದೀರಿ, ಹಾಗಾಗಿ ಜಪ್ತಿ ಮಾಡಿದ್ದೇನೆ ಎಂದು ಕಳಿಸಿಬಿಟ್ಟರು.

ಮನುಷ್ಯರನ್ನು ಜಪ್ತಿ ಮಾಲು ಎಂದು ಕರೆದದ್ದು ಕೇಳಿದರೆ ಈಗಲೂ ಸಂಕಟವಾಗುತ್ತದೆ. ಆದರೆ ಆ ಮಾತಿನಿಂದ ಒಂದು ಬಾಗಿಲು ತೆರೆಯಿತು. ಸುದ್ದಿ ಹೇಗೆ ಹರಡಿತೋ! ಕೆಲವೇ ದಿನಗಳಲ್ಲಿ ಹತ್ತಾರು ಜನ ಕೋಟೆಯ ಮುಂದೆ ನಿಂತಿದ್ದರು. ಗಂಡಸರಷ್ಟೇ ಅಲ್ಲ, ಹೆಂಗಸರು, ಕೂಸುಗಳು, ಮುದುಕರು. ಜುಲೈ ಮುಗಿಯುವಷ್ಟರಲ್ಲಿ 900 ಮಂದಿ. ಫಿರಂಗಿ ಕಟ್ಟೆ ಕಟ್ಟದ ಎಳೆ ಮಕ್ಕಳನ್ನು ಯುದ್ಧದ ಮಾಲು ಎನ್ನುವುದು ಹೇಗೆ? ಇವರು ಈಗ ಗುಲಾಮರೋ, ಸ್ವತಂತ್ರರೋ? ಬಟ್ಲರ್ ವಾಷಿಂಗ್ಟನ್ನಿಗೆ ಪತ್ರ ಬರೆದು ಇದನ್ನೇ ಕೇಳಿದರು. ಯಾವ ಮಾತು ಬೇಡ ಎಂದು ಸರ್ಕಾರ ಬದಿಗಿಟ್ಟಿತ್ತೋ ಆ ಮಾತನ್ನು ಈ ಜನ ಕಾಲ್ನಡಿಗೆಯಲ್ಲಿ ಹೊತ್ತು ತಂದಿದ್ದರು.

ಆ ಕೋಟೆ ನಿಂತಿರುವ ನೆಲದ ಬಗ್ಗೆ ಇನ್ನೊಂದು ವಿಷಯ ಹೇಳಲೇಬೇಕು. 1619ರಲ್ಲಿ, ವರ್ಜೀನಿಯಾದ ಇಂಗ್ಲಿಷ್ ವಸಾಹತಿಗೆ ಆಫ್ರಿಕದಿಂದ ಸೆರೆ ಹಿಡಿದು ತಂದ ಮೊದಲ ಜನರನ್ನು ಹಡಗಿನಿಂದ ಇಳಿಸಿದ್ದು ಇದೇ ಜಾಗದಲ್ಲಿ. ಇಪ್ಪತ್ತಕ್ಕೆ ಸ್ವಲ್ಪ ಜಾಸ್ತಿ ಜನ. 242 ವರ್ಷದ ಮೇಲೆ ಅದೇ ದಡಕ್ಕೆ ಈ ಮೂವರು ತಾವೇ ಹುಟ್ಟು ಹಾಕಿಕೊಂಡು ಬಂದರು.

ಇತ್ತ ಯುದ್ಧ ಬೆಳೆಯುತ್ತಾ ಹೋಯಿತು. ಉತ್ತರದ ಜನಸಂಖ್ಯೆ 2 ಕೋಟಿಯ ಮೇಲೆ. ದಕ್ಷಿಣದ್ದು ಸುಮಾರು 90 ಲಕ್ಷ, ಅದರಲ್ಲಿ 35 ಲಕ್ಷ ಗುಲಾಮರು. ಕಾರ್ಖಾನೆ, ರೈಲುದಾರಿ ಎಲ್ಲ ಉತ್ತರದಲ್ಲೇ ಹೆಚ್ಚು. ಹಾಗಿದ್ದೂ ದಕ್ಷಿಣ ನಾಲ್ಕು ವರ್ಷ ನಿಂತಿತು. ಬಿಳಿಯ ಗಂಡಸರು ಬಂದೂಕು ಹಿಡಿದು ಹೋದರೆ, ಹೊಲ ಉಳುವವರು, ಕಂದಕ ತೋಡುವವರು, ಅಡುಗೆ ಮಾಡುವವರು ಗುಲಾಮರು. ಹಾಗಾಗಿ ಒಬ್ಬ ಗುಲಾಮ ಓಡಿಹೋದರೆ ದಕ್ಷಿಣಕ್ಕೆ ಎರಡು ಪೆಟ್ಟು. ಅಲ್ಲಿ ಎರಡು ಕೈ ಕಮ್ಮಿ, ಇಲ್ಲಿ ಎರಡು ಕೈ ಜಾಸ್ತಿ.

ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿತು. ಹತ್ತಿ ಹೊರಗೆ ಹೋಗದಂತೆ ತಡೆದರೆ ದಕ್ಷಿಣಕ್ಕೆ ದುಡ್ಡು ಬರುವುದಿಲ್ಲ ಎಂಬ ಲೆಕ್ಕ. ಇಂಗ್ಲೆಂಡಿನ ಗಿರಣಿಗಳಿಗೆ ಸುಮಾರು ಮುಕ್ಕಾಲು ಪಾಲು ಹತ್ತಿ ಬರುತ್ತಿದ್ದದ್ದು ಅಮೆರಿಕದಿಂದ. ಅದು ನಿಂತಾಗ ಬ್ರಿಟಿಷರ ಕಣ್ಣು ಬಿದ್ದದ್ದು ನಮ್ಮ ನೆಲದ ಮೇಲೆ. ಧಾರವಾಡ ಸೀಮೆಯ ಎರೆಭೂಮಿಯಲ್ಲಿ ಜವಾರಿ ಹತ್ತಿಯ ಜೊತೆ ಅಮೆರಿಕದ ಬೀಜದ ವಿಲಾಯಿತಿ ಹತ್ತಿಯನ್ನೂ ಬೆಳೆಯುತ್ತಿದ್ದರು. ಹತ್ತಿಯ ಬೆಲೆ ಗಗನಕ್ಕೇರಿತು. ಧಾರವಾಡದ ಹತ್ತಿಯನ್ನು ಕಾರವಾರದಿಂದ ಹಡಗಿಗೆ ಹಾಕಬೇಕು ಎಂಬ ಒತ್ತಾಯದ ಮೇಲೆ 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಧೊಪ್ಪೆಂದು ಬಿತ್ತು, ಮುಂಬಯಿಯ ಎಷ್ಟೋ ವ್ಯಾಪಾರಿಗಳು ದಿವಾಳಿಯಾದರು.

ಚಾರ್ಲ್ಸ್‌ಟನ್ ಬಂದರಿನ ದಿಗ್ಬಂಧನದ ಮಾತು ಬಂದರೆ ರಾಬರ್ಟ್ ಸ್ಮಾಲ್ಸ್ ನೆನಪಾಗುತ್ತಾರೆ. 23 ವರ್ಷದ ಗುಲಾಮ. ದಕ್ಷಿಣದ ಸೈನ್ಯದ ಪ್ಲಾಂಟರ್ ಎಂಬ ಉಗಿಹಡಗಿನಲ್ಲಿ ಚುಕ್ಕಾಣಿ ಹಿಡಿಯುವ ಕೆಲಸ. 1862ರ ಮೇ 13ರ ಬೆಳಗಿನ ಜಾವ, ಬಿಳಿಯ ಅಧಿಕಾರಿಗಳು ಊರಿನಲ್ಲಿ ಮಲಗಿದ್ದಾಗ, ಸ್ಮಾಲ್ಸ್ ಮತ್ತು ಜೊತೆಗಾರರು ಹಡಗು ಹೊರಡಿಸಿದರು. ದಾರಿಯಲ್ಲಿ ಹೆಂಡತಿ ಮಕ್ಕಳನ್ನು ಹತ್ತಿಸಿಕೊಂಡರು. ಸ್ಮಾಲ್ಸ್ ಕ್ಯಾಪ್ಟನ್ನರ ಹುಲ್ಲಿನ ಟೋಪಿ ಹಾಕಿಕೊಂಡು ಅವರ ಹಾಗೆಯೇ ನಿಂತರು. ಪ್ರತಿ ಕೋಟೆಯ ಮುಂದೆ ಸರಿಯಾದ ಸೀಟಿ ಊದಬೇಕು. ಊದಿದರು. ಸಮ್ಟರ್ ಕೋಟೆಯನ್ನೂ ದಾಟಿದರು. ಫಿರಂಗಿ ಗುಂಡು ತಲುಪದಷ್ಟು ದೂರ ಹೋದಮೇಲೆ ಬಾವುಟ ಇಳಿಸಿ ಒಂದು ಬಿಳಿ ಹಾಸಿಗೆಬಟ್ಟೆ ಏರಿಸಿದರು. ಹಡಗು, ಅದರ ಮೇಲಿದ್ದ ಫಿರಂಗಿಗಳು, ಬಂದರಿನ ಒಳಗುಟ್ಟು, ಎಲ್ಲವೂ ಉತ್ತರದ ಕೈ ಸೇರಿತು. ಇದೇ ಸ್ಮಾಲ್ಸ್ ಮುಂದೆ ಅಮೆರಿಕದ ಸಂಸತ್ತಿಗೆ ಆಯ್ಕೆಯಾದರು.

ಇಷ್ಟೆಲ್ಲ ನೋಡಿದ ಮೇಲೂ ಕಪ್ಪು ಜನ ಸೈನಿಕರಾಗಬಲ್ಲರೇ ಎಂದು ಕೇಳುವವರಿದ್ದರು. 1862ರ ಸೆಪ್ಟೆಂಬರ್ 17ರಂದು ಆಂಟೀಟಮ್ ಹಳ್ಳದ ಬಳಿ ಒಂದೇ ದಿನದಲ್ಲಿ ಎರಡೂ ಕಡೆ ಸೇರಿ ಸುಮಾರು 23,000 ಜನ ಸತ್ತರು, ಗಾಯಗೊಂಡರು ಅಥವಾ ಕಾಣೆಯಾದರು. ದಕ್ಷಿಣದ ಸೈನ್ಯ ಹಿಂದೆ ಸರಿಯಿತು. ಆ ಬಲದ ಮೇಲೆ ಲಿಂಕನ್ 1863ರ ಜನವರಿ 1ರಂದು ವಿಮೋಚನೆಯ ಘೋಷಣೆ ಹೊರಡಿಸಿದರು. ಬಂಡಾಯದ ಪ್ರದೇಶಗಳ ಗುಲಾಮರು ಇನ್ನು ಸ್ವತಂತ್ರರು. ಒಕ್ಕೂಟದಲ್ಲಿದ್ದ ಆ ನಾಲ್ಕು ರಾಜ್ಯಗಳಿಗೆ ಅದು ಅನ್ವಯಿಸಲಿಲ್ಲ. ಅದು ದೊಡ್ಡ ಕೊರತೆಯೇ. ಆದರೆ ಕಪ್ಪು ಜನರನ್ನು ಸೈನ್ಯಕ್ಕೆ ತೆಗೆದುಕೊಳ್ಳುವುದಾಗಿ ಅದರಲ್ಲಿ ಬರೆದಿತ್ತು. ಯುದ್ಧ ಮುಗಿಯುವಷ್ಟರಲ್ಲಿ ಸುಮಾರು 1,80,000 ಕಪ್ಪು ಸೈನಿಕರು ಸೇರಿದ್ದರು.

ಅವರ ಸಂಬಳ ಎಷ್ಟು ಗೊತ್ತೇ? ಬಿಳಿಯ ಸಿಪಾಯಿಗೆ ತಿಂಗಳಿಗೆ 13 ಡಾಲರ್. ಕಪ್ಪು ಸಿಪಾಯಿಗೆ 10, ಅದರಲ್ಲೂ ಬಟ್ಟೆಗೆ 3 ಡಾಲರ್ ಕಡಿತ. ಮ್ಯಾಸಚೂಸೆಟ್ಸ್‌ನ 54ನೇ ದಳದವರು ಆ ಸಂಬಳ ಮುಟ್ಟಲಿಲ್ಲ. ಕಡಿಮೆಯಾದದ್ದನ್ನು ತಾನು ತುಂಬಿಕೊಡುತ್ತೇನೆ ಎಂದು ಮ್ಯಾಸಚೂಸೆಟ್ಸ್ ರಾಜ್ಯ ಹೇಳಿದರೂ ಬೇಡ ಎಂದರು. ಊರಲ್ಲಿ ಹೆಂಡತಿ ಮಕ್ಕಳು ಕಷ್ಟಪಡುತ್ತಿದ್ದರೂ ಒಂದು ವರ್ಷಕ್ಕೂ ಹೆಚ್ಚು ಕಾಲ ಸಂಬಳವಿಲ್ಲದೆ ದುಡಿದರು, ಕಾದಾಡಿದರು. 1864ರ ಜೂನ್‌ನಲ್ಲಿ ಸಂಸತ್ತು ಸಮಾನ ಸಂಬಳದ ಕಾನೂನು ಮಾಡಿತು.

ಅದೇ 54ನೇ ದಳ 1863ರ ಜುಲೈ 18ರ ಸಂಜೆ ಚಾರ್ಲ್ಸ್‌ಟನ್ ಬಳಿಯ ವ್ಯಾಗ್ನರ್ ಕೋಟೆಗೆ ಮರಳಿನ ಮೇಲೆ ಓಡುತ್ತಾ ನುಗ್ಗಿತು. ಸುಮಾರು 600 ಜನರಲ್ಲಿ 250ಕ್ಕೂ ಹೆಚ್ಚು ಜನ ಸತ್ತರು, ಗಾಯಗೊಂಡರು ಅಥವಾ ಸೆರೆಯಾದರು. ಬಾವುಟ ಹಿಡಿದವನು ಬಿದ್ದಾಗ ವಿಲಿಯಂ ಕಾರ್ನಿ ಅದನ್ನು ಎತ್ತಿಕೊಂಡರು. ಮೈಗೆ ಗುಂಡು ತಗುಲಿದರೂ ನೆಲಕ್ಕೆ ಮುಟ್ಟಿಸದೆ ಹಿಂದಕ್ಕೆ ತಂದರು. ಕಾರ್ನಿ ಗುಲಾಮನಾಗಿ ಹುಟ್ಟಿದ ಊರು ನಾರ್ಫೋಕ್. ಮನ್ರೋ ಕೋಟೆಯ ಎದುರು ದಡದಲ್ಲೇ ಇದೆ ಅದು. ದೇಶದ ಅತಿ ದೊಡ್ಡ ಶೌರ್ಯಪದಕ ಅವರ ಕೈಗೆ ಬಂದದ್ದು 1900ರಲ್ಲಿ, 37 ವರ್ಷ ಕಳೆದ ಮೇಲೆ.

ಓಡಿಬಂದವರೆಲ್ಲರಿಗೂ ಒಳ್ಳೆಯದೇ ಆಯಿತು ಅಂತ ಹೇಳುವ ಹಾಗಿಲ್ಲ. ಡೇರೆಗಳಲ್ಲಿ, ತಗಡು ಹಲಗೆಯ ಗುಡಿಸಲುಗಳಲ್ಲಿ ಜ್ವರ, ಸಿಡುಬು ಬಂದು ಸಾವಿರಾರು ಜನ ಸತ್ತರು. ಮಕ್ಕಳೇ ಜಾಸ್ತಿ. ಅಂಥ ಕಡೆಯೇ ಮೇರಿ ಪೀಕ್ ಎಂಬ ಕಪ್ಪು ಮಹಿಳೆ ಮನ್ರೋ ಕೋಟೆಯ ಹತ್ತಿರ ಪಾಠ ಶುರು ಮಾಡಿದರು. ಗುಲಾಮರಿಗೆ ಅಕ್ಷರ ಕಲಿಸುವುದು ವರ್ಜೀನಿಯಾದಲ್ಲಿ ಅಪರಾಧವಾಗಿತ್ತು. ಇವರು ಒಂದು ಓಕ್ ಮರದ ಕೆಳಗೆ ಕೂತು ಕಲಿಸಿದರು. 1862ರ ಫೆಬ್ರವರಿಯಲ್ಲಿ ಕ್ಷಯದಿಂದ ತೀರಿಕೊಂಡರು. ಮರುವರ್ಷ ಲಿಂಕನ್ನರ ಘೋಷಣೆಯನ್ನು ಅಲ್ಲಿನ ಜನಕ್ಕೆ ಓದಿ ಹೇಳಿದ್ದು ಆ ಮರದ ಕೆಳಗೇ. ಹ್ಯಾಂಪ್ಟನ್ ವಿಶ್ವವಿದ್ಯಾಲಯದ ಅಂಗಳದಲ್ಲಿ ಆ ಮರ ಈಗಲೂ ಇದೆ.

1865ರ ಏಪ್ರಿಲ್ 3ರಂದು ದಕ್ಷಿಣದ ರಾಜಧಾನಿ ರಿಚ್ಮಂಡ್ ಬಿತ್ತು. ಮೊದಲು ಊರೊಳಗೆ ಕಾಲಿಟ್ಟ ಸೈನಿಕರಲ್ಲಿ ಕಪ್ಪು ಸೈನಿಕರಿದ್ದರು. ಏಪ್ರಿಲ್ 9ರಂದು ದಕ್ಷಿಣದ ಸೇನಾಪತಿ ಜನರಲ್ ಲೀ ಶರಣಾದರು. ಸತ್ತವರ ಲೆಕ್ಕ 6,20,000 ಎಂದು ಬಹಳ ಕಾಲ ಹೇಳುತ್ತಿದ್ದರು, ಈಚಿನ ಅಂದಾಜುಗಳು ಏಳು ಲಕ್ಷದ ಆಸುಪಾಸು, ಕೆಲವು ಅದಕ್ಕೂ ಮೇಲೆ. ಡಿಸೆಂಬರಿನಲ್ಲಿ ಸಂವಿಧಾನದ 13ನೇ ತಿದ್ದುಪಡಿ ಬಂತು. ಆ ನಾಲ್ಕು ರಾಜ್ಯಗಳೂ ಸೇರಿ ಇಡೀ ದೇಶದಲ್ಲಿ ಗುಲಾಮಗಿರಿ ಹೋಯಿತು.

ಆಮೇಲೆ ಜನ ತಮ್ಮವರನ್ನು ಹುಡುಕತೊಡಗಿದರು. ಪತ್ರಿಕೆಗಳಿಗೆ ಪ್ರಕಟಣೆ ಕಳಿಸಿದರು. ಅಮ್ಮನ ಹೆಸರು ಇದು, ನನ್ನನ್ನು ಇಂಥ ಊರಿನಲ್ಲಿ ಇಂಥವನು ಇಂಥವನಿಗೆ ಮಾರಿದ, ಆಗ ನಾನು ಇಷ್ಟು ಚಿಕ್ಕವನು, ತಂಗಿಯನ್ನು ಯಾವ ಕಡೆ ಕರೆದೊಯ್ದರೋ ಗೊತ್ತಿಲ್ಲ, ಹೀಗಿರುತ್ತಿದ್ದವು ಅವು. ಯುದ್ಧ ಮುಗಿದು ಮೂವತ್ತು ನಲವತ್ತು ವರ್ಷವಾದರೂ ಇಂಥ ಪ್ರಕಟಣೆಗಳು ಬರುತ್ತಲೇ ಇದ್ದವು. ನ್ಯೂ ಆರ್ಲಿಯನ್ಸ್‌ನ ಒಂದು ಚರ್ಚ್ ಪತ್ರಿಕೆ ಇದಕ್ಕಾಗಿಯೇ ಜಾಗ ಮೀಸಲಿಟ್ಟಿತ್ತು. ಎಷ್ಟೋ ಜನಕ್ಕೆ ಓದು ಬರುತ್ತಿರಲಿಲ್ಲವಲ್ಲ, ಅದಕ್ಕೇ ಪಾದ್ರಿಗಳು ಈ ಪ್ರಕಟಣೆಗಳನ್ನು ಸಭೆಯಲ್ಲಿ ಗಟ್ಟಿಯಾಗಿ ಓದಬೇಕು, ಯಾರಾದರೂ ಸಿಕ್ಕರೆ ತಿಳಿಸಬೇಕು ಎಂದು ಪತ್ರಿಕೆ ಕೇಳಿಕೊಂಡಿತ್ತು. ಪಾದ್ರಿಗಳು ಆ ಹೆಸರುಗಳನ್ನು ಓದುತ್ತಿದ್ದರು.

ನಮಸ್ಕಾರ.