ಜರಡಿಗೆ ಸಿಗದ ಕಾಳು

ಕೇಳುಗರಿಗೆ ನಮಸ್ಕಾರ. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ ನೋಡದವರು ಕಡಿಮೆ. ಕಾದ ಮರಳಿನಲ್ಲಿ ಅಕ್ಕಿ ಅರಳುತ್ತದೆ. ಜರಡಿಗೆ ಸುರಿದರೆ ಮರಳು ಕೆಳಗೆ, ಮಂಡಕ್ಕಿ ಮೇಲೆ. ಆದರೆ ನಮ್ಮ ರಕ್ತದಲ್ಲಿರುವ ಆಲ್ಬುಮಿನ್ ಎಂಬ ಪ್ರೋಟೀನಿಗೆ ಎಂಥ ಜರಡಿ ಹಿಡಿಯೋಣ? ಅದರ ಅಗಲ ಸುಮಾರು 7 ನ್ಯಾನೋಮೀಟರ್. ತಲೆಗೂದಲಿನದು ಸುಮಾರು 80,000!

ಕಣದಲ್ಲಿ ಹೊಟ್ಟು ಬೇರೆ ಮಾಡಲು ಗಾಳಿಗೆ ತೂರುತ್ತೇವೆ, ಅಲ್ವಾ? ಇಲ್ಲೂ ಅದೇ ಕೆಲಸ. ಮೊರದ ಬದಲು ಎಲೆಕ್ಟ್ರೋಸ್ಪ್ರೇ, ಅಷ್ಟೆ.

ಪ್ರೋಟೀನ್ ಬೆರೆಸಿದ ನೀರನ್ನು ಕೂದಲಿಗಿಂತ ಸಣ್ಣ ತೂತಿನ ನಳಿಕೆಗೆ ಬಿಟ್ಟು, ಒಂದೆರಡು ಸಾವಿರ ವೋಲ್ಟ್ ಕೊಡುತ್ತಾರೆ. ತುದಿಯ ಹನಿ ಗುಂಡಗೆ ನಿಲ್ಲುವುದಿಲ್ಲ. ಬುಗುರಿಯ ಹಾಗೆ ಚೂಪಾಗಿ, ಮೊನೆಯಿಂದ ಮಂಜಿನಂಥ ಹನಿಗಳು ಸಿಡಿಯುತ್ತವೆ. ನೀರು ಆರಿದ ಮೇಲೆ ಒಳಗಿದ್ದ ಪ್ರೋಟೀನ್ ಒಣಗಿ, ಹನಿಯ ವಿದ್ಯುತ್ ಚಾರ್ಜ್ ಹೊತ್ತು ತೇಲುತ್ತದೆ.

ಇಲ್ಲೊಂದು ತೊಡಕಿದೆ. ನಮ್ಮ ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆ ನೆನಪು ಮಾಡಿಕೊಳ್ಳಿ. ತಳದಲ್ಲಿ ಬಿಳಿ ಪೊರೆ ಕಟ್ಟಿರುತ್ತದೆ. ಹನಿಯಲ್ಲಿ ಅಡುಗೆ ಉಪ್ಪಿದ್ದರೂ ಹಾಗೇ. ಅದು ಪ್ರೋಟೀನಿನ ಮೈಗೆ ಮೆತ್ತಿಕೊಂಡು ಅಳತೆಯೇ ಜಾಸ್ತಿ ಬರುತ್ತದೆ. ಅದಕ್ಕೇ ಅಮೋನಿಯಂ ಅಸಿಟೇಟ್ ಹಾಕುತ್ತಾರೆ. ಅದೂ ಉಪ್ಪೇ, ಆದರೆ ನೀರಿನ ಜೊತೆ ಹಾರಿಹೋಗುತ್ತದೆ.

ಜಾನ್ ಫೆನ್ ಅವರಿಗೆ 2002ರಲ್ಲಿ ನೊಬೆಲ್ ಬಂದಿದ್ದು ಎಲೆಕ್ಟ್ರೋಸ್ಪ್ರೇಯಿಂದ ದೊಡ್ಡ ಅಣುಗಳನ್ನು ತೂಗುವ ದಾರಿ ತೋರಿಸಿದ್ದಕ್ಕೆ. ಅವರ ಕೆಲಸಕ್ಕೆ ಒಂದೊಂದು ಅಣುವಿನ ಮೇಲೂ ಹತ್ತಾರು ಚಾರ್ಜ್ ಇದ್ದರೆ ಅನುಕೂಲ. ಗಾತ್ರದಿಂದ ಬೇರೆ ಮಾಡುವವರಿಗೆ ಅದೇ ತಲೆನೋವು. ಹಾಗಾಗಿ ಸ್ವಲ್ಪ ವಿಕಿರಣ ಹಾಯಿಸಿ ಚಾರ್ಜ್ ಇಳಿಸುತ್ತಾರೆ. ಹೆಚ್ಚಿನವು ಪೂರ್ತಿ ಕಳೆದುಕೊಳ್ಳುತ್ತವೆ. ಉಳಿದವುಗಳಲ್ಲಿ ಬಹುಪಾಲಿಗೆ ತಲಾ ಒಂದೇ. ನನ್ನ ಪ್ರಕಾರ ಇಡೀ ಆಟದ ಜಾಣತನ ಇರುವುದೇ ಇಲ್ಲಿ. ಎಲ್ಲದರ ಮೇಲೂ ಒಂದೇ ಎಳೆತ ಬಿದ್ದರೆ, ಉಳಿಯುವ ವ್ಯತ್ಯಾಸ ಗಾತ್ರದ್ದು ಮಾತ್ರ.

ಆಮೇಲೆ ತೂರುವುದು. ಒಂದು ಕೊಳವೆ, ನಡುವೆ ಲೋಹದ ಸರಳು. ಸುತ್ತ ಗಾಳಿ ಸಮವಾಗಿ ಕೆಳಗಿಳಿಯುತ್ತದೆ, ಸರಳು ಕಣಗಳನ್ನು ಎಳೆಯುತ್ತದೆ. ನಮ್ಮ ಕಣದಲ್ಲಿ ಕಾಳು ಹತ್ತಿರ, ಹೊಟ್ಟು ದೂರ. ಇಲ್ಲಿ ಸಣ್ಣದಕ್ಕೆ ಗಾಳಿಯ ತಡೆ ಕಡಿಮೆ, ಬೇಗ ಸರಳು ಮುಟ್ಟುತ್ತದೆ. ದೊಡ್ಡದು ತೇಲಿಕೊಂಡು ದೂರ ಹೋಗುತ್ತದೆ. ಸರಳಿನ ಕೆಳಭಾಗದಲ್ಲಿ ಒಂದು ಸೀಳು. ಬೇಕಾದ ಅಳತೆಯದು ಅದರೊಳಗೆ ಬೀಳುವಂತೆ ವೋಲ್ಟ್ ಏರಿಸಿ ಇಳಿಸುತ್ತಾರೆ. ಚಿನ್ನದ ನ್ಯಾನೋ ಕಣವಾದರೂ ಸರಿ, ವೈರಸ್ ಆದರೂ ಸರಿ.

ಹೊರಬಂದದ್ದನ್ನು ವಿದ್ಯುತ್ತಿನಿಂದಲೇ ಎಳೆದು ಪುಟ್ಟ ಬಿಲ್ಲೆಯ ಮೇಲೆ ಕೂರಿಸುತ್ತಾರೆ. ಗಂಟೆಗಟ್ಟಲೆ ಹಿಡಿದರೂ ಬಿಲ್ಲೆ ಖಾಲಿಯಾಗಿಯೇ ಕಾಣುತ್ತದೆ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ ಇಟ್ಟಾಗಲೇ ಗೊತ್ತಾಗುವುದು, ಅಲ್ಲಿ ಒಂದೇ ಅಳತೆಯ ಚುಕ್ಕೆಗಳು ಅಕ್ಕಪಕ್ಕ ಕೂತಿವೆ ಅಂತ.